ಸಹಾಯ ಬೇಕು: ನಾವೇ ಅಡುಗೆ ಮಾಡಿಕೊಳ್ಳುವಂಥ ಪುಟ್ಟ ಕಾಟೇಜ್

ನಮಸ್ಕಾರ. ಹಳ್ಳಿ ಕಡೆ 4 ದಿನಕ್ಕೆ ಒಂದು ಸಣ್ಣ ಕಾಟೇಜ್ ಬಾಡಿಗೆಗೆ ಹಿಡಿಯಬೇಕು ಅಂತಿದ್ದೇವೆ. ನಾವು 5 ಜನ, ಅದರಲ್ಲಿ ಅಮ್ಮನಿಗೆ ಮಂಡಿ ನೋವು. ಹೋದ ಸಲ ಒಂದು ಕಡೆ ‘ಅಡುಗೆಮನೆ ಇದೆ’ ಅಂದಿದ್ದರು. ಹೋಗಿ ನೋಡಿದರೆ ಒಲೆ ಇತ್ತು, ಸಿಲಿಂಡರ್ ಖಾಲಿ. ಪಾತ್ರೆ ಎರಡೇ. ರಾತ್ರಿ ಕರೆಂಟ್ ಹೋಯಿತು, ಪಂಪ್ ಓಡದೆ ನೀರೂ ನಿಂತಿತು. ಅಮ್ಮ ತುಂಬಾ ಕಷ್ಟಪಟ್ಟರು. ಈ ಸಲ ಹಾಗಾಗಬಾರದು.

ಮುಂಗಡ ಕೊಡುವ ಮೊದಲು ಏನೇನು ಕೇಳಬೇಕು? ಫೋಟೋ ಸಾಲದು, ವಿಡಿಯೋ ಕಾಲ್‌ನಲ್ಲಿ ಬಚ್ಚಲು, ಮೆಟ್ಟಿಲು ತೋರಿಸಿ ಅಂದರೆ ಮಾಲೀಕರು ಬೇಸರ ಮಾಡಿಕೊಳ್ಳುತ್ತಾರಾ? ಬುಕಿಂಗ್ ರದ್ದಾದರೆ ಎಷ್ಟು ಹಣ ವಾಪಸ್, ಡೆಪಾಸಿಟ್ ಯಾವಾಗ ಸಿಗುತ್ತೆ, ಇದನ್ನೆಲ್ಲ ಮೆಸೇಜ್‌ನಲ್ಲೇ ಬರೆಸಿಕೊಳ್ಳೋದು ಒಳ್ಳೇದು ಅಲ್ವಾ? ಹೀಗೆ ಉಳಿದುಕೊಂಡ ಅನುಭವ ಇರುವವರು ದಯವಿಟ್ಟು ತಿಳಿಸಿ. ನೀರಿನ ವಿಷಯವೇ ನನಗೆ ಜಾಸ್ತಿ ಚಿಂತೆ.