ಪ್ರಶ್ನೋತ್ತರ: ಕರೆಂಟಿನ ಹಿಂದಿನ ದುಡ್ಡು

ಅಡ್ಮಿನ್: ವಿದ್ಯುತ್ ಯೋಜನೆಗಳಿಗೆ ಸಾಲ ಕೊಡುವ ಮುಂಚೆ ಲೆಕ್ಕ ಪರಿಶೀಲಿಸುವುದು ಮೇಡಂ ಅವರ ಕೆಲಸ. ಇವತ್ತು ಸಂಜೆ ನಮ್ಮ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಲೆಕ್ಕಿಗ: ನಮಸ್ತೆ ಮೇಡಂ. ಕಲ್ಲಿದ್ದಲು, ತೈಲ, ಗ್ಯಾಸಿಗಿಂತ ಎರಡು ಪಟ್ಟು ದುಡ್ಡು ಈಗ ಶುದ್ಧ ಇಂಧನಕ್ಕೆ ಹೋಗುತ್ತಿದೆ ಅಂತಾರೆ. ನಿಜವಾ? ಹಾಗಿದ್ದರೆ ಕಲ್ಲಿದ್ದಲು ಇನ್ನೂ ಯಾಕೆ ಇಷ್ಟು ಉರಿಯುತ್ತಿದೆ?

ಮೇಡಂ: ನಮಸ್ತೆ. ನಿಜ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ 2025ರ ಒಟ್ಟು ಹೂಡಿಕೆ ಸುಮಾರು 3.3 ಲಕ್ಷ ಕೋಟಿ ಡಾಲರ್. ಅದರಲ್ಲಿ 2.2 ಶುದ್ಧ ಇಂಧನಕ್ಕೆ, 1.1 ಕಲ್ಲಿದ್ದಲು, ತೈಲ, ಗ್ಯಾಸಿಗೆ. ಆದರೆ 'ಶುದ್ಧ ಇಂಧನ' ಅಂದರೆ ಬರೀ ಸೋಲಾರ್ ಅಲ್ಲ. ಅಣುಸ್ಥಾವರ, ಗ್ರಿಡ್ (ಕರೆಂಟ್ ಸಾಗಿಸುವ ಜಾಲ), ಬ್ಯಾಟರಿ, ವಿದ್ಯುತ್ ವಾಹನ ಎಲ್ಲ ಸೇರಿದೆ. ಸೋಲಾರಿನದು ಸುಮಾರು 45 ಸಾವಿರ ಕೋಟಿ ಡಾಲರ್. ಇನ್ನು ಕಲ್ಲಿದ್ದಲು: ಹೂಡಿಕೆ ಒಂದು ವರ್ಷದ್ದು, ಉರಿಯುತ್ತಿರುವುದು ಹತ್ತಾರು ವರ್ಷಗಳಿಂದ ಕಟ್ಟಿಕೊಂಡು ಬಂದ ಸ್ಥಾವರ. 2024ರಲ್ಲಿ ಜಗತ್ತಿನ ಕರೆಂಟಿನಲ್ಲಿ ಕಡಿಮೆ ಇಂಗಾಲದ ಮೂಲಗಳ ಪಾಲು ಶೇ 40 ದಾಟಿತು. ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಜಲವಿದ್ಯುತ್ತು ಮತ್ತು ಅಣುವಿದ್ಯುತ್ತು.

ಹಳೇಬೇರು: ಒಂದು ಮೆಸೇಜ್ ಬಂದಿದೆ. ಗಾಳಿಯಂತ್ರ ತಯಾರಿಸಲು ತಗಲುವ ಶಕ್ತಿಯನ್ನು ಅದು ಜೀವಮಾನದಲ್ಲಿ ವಾಪಸ್ ಕೊಡುವುದಿಲ್ಲವಂತೆ. ದಯವಿಟ್ಟು ತಿಳಿಸಿ.

ಮೇಡಂ: ಸುಳ್ಳು. ಸಾಮಾನ್ಯವಾಗಿ ಒಂದು ವರ್ಷದೊಳಗೆ ವಾಪಸ್ ಬರುತ್ತದೆ. ಯಂತ್ರ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಓಡುತ್ತದೆ.

ಮಳೆಬಿಲ್ಲು: ಆಫ್ರಿಕಾದಲ್ಲಿ ಅಷ್ಟು ಬಿಸಿಲಿದೆ. ದುಡ್ಡು ಯಾಕೆ ಅಲ್ಲಿಗೆ ಹೋಗುವುದಿಲ್ಲ?

ಮೇಡಂ: ಒಳ್ಳೆ ಪ್ರಶ್ನೆ. ಜಗತ್ತಿನ ಐದನೇ ಒಂದು ಭಾಗದಷ್ಟು ಜನ ಅಲ್ಲಿದ್ದಾರೆ, ಶುದ್ಧ ಇಂಧನದ ಹೂಡಿಕೆಯಲ್ಲಿ ಸಿಗುವುದು ಶೇ 2ರ ಆಸುಪಾಸು. ಬಿಸಿಲು ಪುಕ್ಕಟೆ, ಸಾಲ ಪುಕ್ಕಟೆ ಅಲ್ಲ. ಗ್ಯಾಸ್ ಸ್ಥಾವರಕ್ಕೆ ಖರ್ಚು ವರ್ಷವರ್ಷ ಇಂಧನಕ್ಕೆ ಹೋಗುತ್ತದೆ. ಸೋಲಾರಿಗೆ ಹೆಚ್ಚುಕಡಿಮೆ ಪೂರ್ತಿ ಖರ್ಚು ಮೊದಲ ದಿನವೇ, ಅದೂ ಬಹುಪಾಲು ಸಾಲದಲ್ಲಿ. ಹಾಗಾಗಿ ಕರೆಂಟಿನ ದರ ತೀರ್ಮಾನಿಸುವುದು ಬಡ್ಡಿ. ಬಡ ದೇಶಗಳಲ್ಲಿ ಬಂಡವಾಳದ ವೆಚ್ಚ ಶ್ರೀಮಂತ ದೇಶಗಳ ಎರಡು ಪಟ್ಟಿಗಿಂತ ಹೆಚ್ಚು. ಅದೇ ಪ್ಯಾನೆಲ್, ಇನ್ನೂ ಚೆನ್ನಾದ ಬಿಸಿಲು, ಆದರೂ ಯೂನಿಟ್ ದುಬಾರಿ. ನನ್ನ ಮೇಜಿಗೆ ಬರುವ ಕಡತಗಳಲ್ಲಿ ಬಿಸಿಲಿನ ಲೆಕ್ಕ ತಪ್ಪುವುದು ಅಪರೂಪ. ಕರೆಂಟ್ ಕೊಳ್ಳುವವರು ದುಡ್ಡು ಕಟ್ಟುತ್ತಾರಾ ಅನ್ನುವಲ್ಲೇ ಎಲ್ಲ ನಿಲ್ಲುವುದು.

ಸಂಜೆಮಲ್ಲಿಗೆ: ಮೇಡಂ, ಶುದ್ಧ ಇಂಧನಕ್ಕೆ ಜಾಸ್ತಿ ದುಡ್ಡು ಹೋಗುತ್ತಿದೆ ಅನ್ನುವುದು ನಿಜವಾ?

ಮೇಡಂ: ಮೇಲೆ ಇದೆ.

ಗುಬ್ಬಚ್ಚಿ: ಹಸಿರು ಹೈಡ್ರೋಜನ್ ಬಗ್ಗೆ ನಿಮ್ಮ ಅಭಿಪ್ರಾಯ?

ಹೊಸ್ತಿಲು: ಮೇಡಂ, ಅಪ್ಪ ನಿವೃತ್ತಿ ದುಡ್ಡಿನಲ್ಲಿ ಒಂದಿಷ್ಟು ಸೋಲಾರ್ ಆ್ಯಪ್ ಒಂದಕ್ಕೆ ಹಾಕಿದ್ದಾರೆ. ಪ್ಯಾನೆಲ್ 'ಬಾಡಿಗೆಗೆ' ತಗೊಂಡರೆ ದಿನಕ್ಕೆ ಶೇ 1 ಬರುತ್ತದಂತೆ. ಉಳಿದದ್ದನ್ನೂ ಹಾಕುತ್ತೇನೆ ಅನ್ನುತ್ತಿದ್ದಾರೆ. ಸ್ಕ್ರೀನ್‌ಶಾಟ್ ಹಾಕಿದ್ದೇನೆ. ಇಡೀ ಪ್ರಪಂಚ ಸೋಲಾರಿಗೆ ದುಡ್ಡು ಸುರಿಯುತ್ತಿದೆ ಅಂತ ಆ್ಯಪಿನವರೂ ನೀವು ಹೇಳಿದ ಅಂಕಿಯನ್ನೇ ತೋರಿಸುತ್ತಾರೆ.

ಮೇಡಂ: ಇನ್ನು ಒಂದು ಪೈಸೆಯೂ ಹಾಕಬಾರದು. ಅಪ್ಪನಿಗೆ ಇದನ್ನು ಓದಿ ಹೇಳಿ.

ಸ್ಕ್ರೀನ್‌ಶಾಟ್ ಮೇಲಿನ ಗಡಿಯಾರ ನೋಡಿ. ರಾತ್ರಿ 10:40. ಕೆಳಗೆ ಹಸಿರು ದೀಪ, 'ಉತ್ಪಾದನೆ ನಡೆಯುತ್ತಿದೆ'. ಯಾವ ಸೂರ್ಯನಿಂದ? ವಾರದ ಏಳೂ ದಿನ ಒಂದೇ ಮೊತ್ತ ಜಮಾ. ನಿಜವಾದ ಸ್ಥಾವರದಲ್ಲಿ ಮೋಡ ಬಂದರೆ ಗೆರೆ ಇಳಿಯುತ್ತದೆ, ಪ್ಯಾನೆಲ್ ಮೇಲೆ ಧೂಳು ಕೂತರೂ ಇಳಿಯುತ್ತದೆ.

ದಿನಕ್ಕೆ ಶೇ 1 ಅಂದರೆ ಬಡ್ಡಿಗೆ ಬಡ್ಡಿ ಸೇರಿಸದೆಯೇ ವರ್ಷಕ್ಕೆ ಶೇ 365. ನಾನು ನೋಡುವ ಸ್ಥಾವರಗಳು ಹದಿನೈದು ಇಪ್ಪತ್ತು ವರ್ಷಕ್ಕೆ ಕರೆಂಟ್ ಮಾರುವ ಕರಾರು ಮಾಡಿಕೊಂಡು, ಸಾಲ ತೀರಿಸಿ, ವರ್ಷಕ್ಕೆ ಅದರ ಸಣ್ಣ ಚೂರು ಗಳಿಸುತ್ತವೆ. ನೂರು ದಿನದಲ್ಲಿ ದುಡ್ಡು ದುಪ್ಪಟ್ಟಾಗುವ ಸ್ಥಾವರ ಯಾರ ಬಳಿಯಾದರೂ ಇದ್ದರೆ ಬ್ಯಾಂಕುಗಳೇ ಅವರ ಮನೆ ಬಾಗಿಲಿಗೆ ಹೋಗುತ್ತಿದ್ದವು. ನಿಮ್ಮ ಅಪ್ಪನ ಉಳಿತಾಯ ಅವರಿಗೆ ಯಾಕೆ ಬೇಕಿತ್ತು?

ಆ ಅಂಕಿ ನಿಜ, ಅದೇ ತಲೆನೋವು. ಪ್ರಪಂಚ ದುಡ್ಡು ಹಾಕುತ್ತಿದೆ ಅಂದಮಾತ್ರಕ್ಕೆ ಹಾಕಿದವರೆಲ್ಲ ಗಳಿಸುತ್ತಿದ್ದಾರೆ ಅಂತ ಅಲ್ಲ. ಪ್ಯಾನೆಲ್ ದರ ಕುಸಿದು 2024ರಲ್ಲಿ ಚೀನಾದ ದೊಡ್ಡ ತಯಾರಕರೇ ನಷ್ಟ ತೋರಿಸಿದರು. ಅಸಲಿ ಕಂಪನಿಗಳ ಕಥೆಯೇ ಹೀಗೆ.

ಆ್ಯಪಿನವರನ್ನು ಕೇಳಿ: ಸ್ಥಾವರ ಎಲ್ಲಿದೆ, ಕರೆಂಟ್ ಕೊಳ್ಳುವವರು ಯಾರು, ಕರಾರಿನ ಪ್ರತಿ ಎಲ್ಲಿ.

ಹಳೇಬೇರು: ಮೇಡಂ, ಅಯಸ್ಕಾಂತದ ಜನರೇಟರ್ ವಿಡಿಯೊ ನೋಡಿ. ಇಂಧನವೇ ಬೇಡವಂತೆ. ಕಂಪನಿಗಳು ಮುಚ್ಚಿಟ್ಟಿವೆಯಂತೆ.

ಮೇಡಂ: ಎಲ್ಲಿಂದಲೋ ಶಕ್ತಿ ಒಳಗೆ ಹೋಗದೆ ಶಕ್ತಿ ಹೊರಗೆ ಬರುವುದಿಲ್ಲ. ಇದನ್ನು ನೋಡಿ ಮನೆಯ ವೈರಿಂಗಿಗೆ ಏನಾದರೂ ಸಿಕ್ಕಿಸಲು ಹೋದರೆ ಜೀವ ಹೋಗುತ್ತದೆ. ಇನ್ನೊಂದು ಫಾರ್ವರ್ಡ್ ಹಾಕಬೇಡಿ.

ಅಣುಮಿತ್ರ: ಇಷ್ಟೆಲ್ಲ ಯಾಕೆ, ಅಣುಸ್ಥಾವರ ಕಟ್ಟಿದರೆ ಮುಗಿಯಿತು. ಜರ್ಮನಿ 2023ರ ಏಪ್ರಿಲ್‌ನಲ್ಲಿ ಚೆನ್ನಾಗಿದ್ದ ಕೊನೆಯ ಮೂರನ್ನು ಮುಚ್ಚಿ ಕೂತಿತು.

ಬಿಸಿಲುಕೋಲು: ಅಮೆರಿಕದ ವೋಗಲ್ ಅಣುಸ್ಥಾವರ ನೋಡಿದ್ದೀರಾ? 1,400 ಕೋಟಿ ಡಾಲರ್ ಅಂದದ್ದು 3,000 ಕೋಟಿ ದಾಟಿತು. ಏಳು ವರ್ಷ ತಡ.

ಅಣುಮಿತ್ರ: ಅದು ರಾತ್ರಿಯೂ ಓಡುತ್ತದೆ ಸ್ವಾಮಿ. ಸ್ಪೇನ್ 2025ರ ಏಪ್ರಿಲ್ 28ಕ್ಕೆ ಕತ್ತಲಾಯಿತಲ್ಲ, ನಿಮ್ಮ ಸೋಲಾರಿನಿಂದ.

ಬಿಸಿಲುಕೋಲು: ಓದದೆ ಮಾತಾಡುವವರಿಗೆ ಏನು ಹೇಳೋಣ.

ಮೇಡಂ: ಇಬ್ಬರೂ ನಿಲ್ಲಿಸಿ. ಸ್ಪೇನಿನ ತನಿಖೆ ಬೊಟ್ಟು ಮಾಡಿದ್ದು ವೋಲ್ಟೇಜ್ ಏರಿದಾಗ ಹಿಡಿತ ತಪ್ಪಿದ್ದಕ್ಕೆ. ಬಿಸಿಲು ಕಡಿಮೆಯಾಗಿ ಅಲ್ಲ. ವೋಗಲ್ ದುಬಾರಿಯಾಗಿದ್ದು ನಿಜ. ಬಡ್ಡಿ ಏರಿದಾಗ ಗಾಳಿಗೂ ಏಟು ಬಿತ್ತು: 2023ರಲ್ಲಿ ಬ್ರಿಟನ್ನಿನ ಹರಾಜಿನಲ್ಲಿ ಸಮುದ್ರದ ಗಾಳಿಯಂತ್ರಕ್ಕೆ ಒಬ್ಬರೂ ಬಿಡ್ ಹಾಕಲಿಲ್ಲ. ನೀವಿಬ್ಬರೂ ಜಗಳವಾಡಬೇಕಾದ ವಿಷಯ ಗ್ರಿಡ್. ಅದಕ್ಕೆ ಜಗತ್ತು ವರ್ಷಕ್ಕೆ ಹಾಕುವುದು ಸುಮಾರು 40 ಸಾವಿರ ಕೋಟಿ ಡಾಲರ್, ಸಾಲುತ್ತಿಲ್ಲ. ತಯಾರಿ ಬಹುಮಟ್ಟಿಗೆ ಮುಗಿದು ಸಂಪರ್ಕಕ್ಕಾಗಿ ಸರದಿಯಲ್ಲಿ ನಿಂತ ಯೋಜನೆಗಳೇ 1,650 ಗಿಗಾವ್ಯಾಟ್ ಅಂತ ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2024ರಲ್ಲಿ ಹೇಳಿತ್ತು. ಬೆಳೆ ಬಂದಿದೆ, ಸಾಗಿಸಲು ರಸ್ತೆ ಇಲ್ಲ.

ಅಣುಮಿತ್ರ: ಮೇಡಂ ಅವರೂ ಒಂದು ಕಡೆ ವಾಲಿದ್ದಾರೆ ಅನ್ನಿಸುತ್ತದೆ.

ಮೇಡಂ: ಅನ್ನಿಸಲಿ.

ಗುಬ್ಬಚ್ಚಿ: ಹೈಡ್ರೋಜನ್ ಕೇಳಿದ್ದೆ...

ಬಿಸಿಲುಕೋಲು: ಅಣುಮಿತ್ರರೇ, ತ್ಯಾಜ್ಯ ನಿಮ್ಮ ಹಿತ್ತಲಲ್ಲಿ ಇಟ್ಟುಕೊಳ್ಳುತ್ತೀರಾ?

ಅಣುಮಿತ್ರ: ನಿಮ್ಮ ಹಳೇ ಪ್ಯಾನೆಲ್ ಎಲ್ಲಿ ಹಾಕುತ್ತೀರಿ ಮೊದಲು ಹೇಳಿ.

ಅಡ್ಮಿನ್: ವೈಯಕ್ತಿಕ ಮಾತು ಬೇಡ. ಇದೇ ಕೊನೆಯ ಎಚ್ಚರಿಕೆ.

ಸಂಜೆಮಲ್ಲಿಗೆ: 'ಮೇಲೆ ಇದೆ' ಅಂದರೆ ಎಲ್ಲಿ? ಒಂದು ಸಾಲು ಬರೆದರೆ ಏನಾಗುತ್ತಿತ್ತು.

ಹೊಸ್ತಿಲು: ಮೇಡಂ, ಮೊದಲ ವಾರ ಸ್ವಲ್ಪ ದುಡ್ಡು ಬ್ಯಾಂಕಿಗೆ ಬಂದಿತ್ತು, ಅದಕ್ಕೇ ಅಪ್ಪ ನಂಬಿದ್ದು. ಈಗ ಪೂರ್ತಿ ತೆಗೆಯಲು ಹೋದರೆ 'ಮೊದಲು ತೆರಿಗೆ ಕಟ್ಟಿ' ಅಂತ ಬರುತ್ತಿದೆ. ಕಟ್ಟಿಬಿಟ್ಟರೆ ಬಿಡುತ್ತಾರಾ?

ಮೇಡಂ: ಕಟ್ಟಬೇಡಿ. ಆ ಮೊದಲ ದುಡ್ಡು ಗಾಳ. ತೆರಿಗೆ ಕಟ್ಟಿದರೆ ಆಮೇಲೆ ಶುಲ್ಕ ಕೇಳುತ್ತಾರೆ, ಅದೂ ಕಟ್ಟಿದರೆ ಇನ್ನೊಂದು. ಈಗಲೇ ಬ್ಯಾಂಕಿಗೆ ಫೋನ್ ಮಾಡಿ, ಸೈಬರ್ ಪೊಲೀಸರಿಗೆ ದೂರು ಕೊಡಿ. ಆ್ಯಪ್ ಅಳಿಸಬೇಡಿ, ಅದರಲ್ಲಿರುವ ಖಾತೆ ನಂಬರ್‌ಗಳೇ ಸಾಕ್ಷಿ. ಅಪ್ಪನ ಮೇಲೆ ಕೂಗಾಡಬೇಡಿ, ಅವರು ಮುಚ್ಚಿಟ್ಟರೆ ಇನ್ನೂ ಹೋಗುತ್ತದೆ. ದೂರು ಕೊಟ್ಟ ಮೇಲೆ ನನಗೆ ನೇರವಾಗಿ ಮೆಸೇಜ್ ಮಾಡಿ, ಇಲ್ಲಿ ಬೇಡ.