ಕೆಲವರ ಡೇಟಾ ಸರ್ವರ್‌ನಲ್ಲಿ, ಉಳಿದವರದಕ್ಕೆ ಫೋನಿನಲ್ಲೇ ನಾಯ್ಸ್: ಎರಡನ್ನೂ ಸೇರಿಸಬಹುದಾ?

ಪ್ರಶ್ನೆ: ಮೇಡಂ, ನಮ್ಮ ಕೀಬೋರ್ಡ್ ಆ್ಯಪ್‌ನಲ್ಲಿ ಜನ ಯಾವ ಹೊಸ ಪದಗಳನ್ನು ಬಳಸುತ್ತಾರೆ ಅಂತ ಎಣಿಸಬೇಕು. ಬಳಕೆದಾರರು 10 ಲಕ್ಷ. ಅದರಲ್ಲಿ ಶೇ 5 ಜನ ಮಾತ್ರ ಸರ್ವರ್‌ಗೆ ನೇರವಾಗಿ ಡೇಟಾ ಕೊಡಲು ಒಪ್ಪಿದ್ದಾರೆ. ಉಳಿದವರಿಗೆ ಲೋಕಲ್ ಡಿಫರೆನ್ಷಿಯಲ್ ಪ್ರೈವಸಿ, ಅಂದರೆ ಒಬ್ಬೊಬ್ಬರ ಮಾಹಿತಿ ಗೊತ್ತಾಗದ ಹಾಗೆ ಫೋನಿನಲ್ಲೇ ನಾಯ್ಸ್ (ಬೇಕಂತಲೇ ಬೆರೆಸುವ ಯಾದೃಚ್ಛಿಕ ಏರುಪೇರು) ಸೇರಿಸಿ ಕಳಿಸೋದು. ಎರಡನ್ನೂ ಒಟ್ಟಿಗೆ ಬಳಸಬಹುದಾ?

ಉತ್ತರ: ಧಾರಾಳವಾಗಿ. 2017ರಲ್ಲಿ ಬಂದ ಬ್ಲೆಂಡರ್ ಅನ್ನೋ ವ್ಯವಸ್ಥೆ ಮಾಡಿದ್ದೂ ಇದನ್ನೇ. ಒಬ್ಬರಿಂದ ಒಂದೇ ಪದ ತಗೊಂಡು ಎಪ್ಸಿಲಾನ್ (ಒಬ್ಬರ ಗುಟ್ಟು ಎಷ್ಟು ಸೋರಬಹುದು ಅನ್ನೋ ಮಿತಿ, ಕಡಿಮೆ ಇದ್ದಷ್ಟೂ ರಕ್ಷಣೆ ಜಾಸ್ತಿ) 1 ಇಟ್ಟರೆ, ಸರ್ವರ್‌ನಲ್ಲಿ ಒಂದು ಎಣಿಕೆಗೆ ಸೇರುವ ನಾಯ್ಸ್ ಸುಮಾರು 1.4, ಎಷ್ಟು ಜನ ಇದ್ದರೂ ಅಷ್ಟೇ. ಲೋಕಲ್‌ನಲ್ಲಿ ಒಂದೇ ಪದದ ಬಗ್ಗೆ ಹೌದು-ಇಲ್ಲ ಅಂತ ಕೇಳಿದರೂ 10 ಲಕ್ಷ ಜನರಿಗೆ ಅದು 960ರ ಹತ್ತಿರ ಹೋಗುತ್ತದೆ. 100 ಜನ ಬಳಸುವ ಪದ ಅದರೊಳಗೆ ಕಾಣೋದೇ ಇಲ್ಲ.

ಇನ್ನೊಂದು ತೊಡಕು, ಗೊತ್ತಿಲ್ಲದ ಪದದ ಬಗ್ಗೆ ಫೋನನ್ನು ಕೇಳೋದು ಹೇಗೆ? ಹಾಗಾಗಿ ಒಪ್ಪಿದವರಲ್ಲಿ ಒಂದು ಪಾಲಿನಿಂದ ಮೊದಲು ಪದಪಟ್ಟಿ ಮಾಡಿ. ನಾಯ್ಸ್ ಸೇರಿಸಿದ ಮೇಲೂ ಒಂದು ಮಿತಿ ದಾಟಿದ ಪದ ಮಾತ್ರ ಪಟ್ಟಿಗೆ ಬರಲಿ, ಇಲ್ಲದಿದ್ದರೆ ಯಾರದೋ ಪಾಸ್‌ವರ್ಡ್ ಹೊರಗೆ ಬರುತ್ತದೆ. ಆ ಪಟ್ಟಿಯನ್ನು ಉಳಿದ ಎಲ್ಲರ ಫೋನಿಗೆ ಕಳಿಸಿ ಎಣಿಸಿ. ಕೊನೆಗೆ ಸರ್ವರ್ ಮತ್ತು ಲೋಕಲ್, ಈ ಎರಡು ಅಂದಾಜುಗಳನ್ನು ಸೇರಿಸೋದಕ್ಕೆ ಪ್ರೈವಸಿ ಲೆಕ್ಕದಲ್ಲಿ ಹೆಚ್ಚುವರಿ ಖರ್ಚಿಲ್ಲ.

ಪ್ರಶ್ನೆ: ಸರ್ವರ್ ಕಡೆ ನಾಯ್ಸ್ ಇಷ್ಟು ಕಡಿಮೆ ಅಂದ್ರೆ ಯಾವಾಗಲೂ ಅದಕ್ಕೇ ಜಾಸ್ತಿ ತೂಕ ಕೊಟ್ರೆ ಆಯ್ತಲ್ವಾ?

ಉತ್ತರ: ಆಗಲ್ಲ. 50,000 ಜನರ ಎಣಿಕೆಯನ್ನು 20ರಿಂದ ಗುಣಿಸಿ ಎಲ್ಲರಿಗೂ ಅನ್ವಯಿಸುವಾಗ ಸ್ಯಾಂಪಲ್‌ನ ತಪ್ಪೂ 20 ಪಟ್ಟು ಆಗುತ್ತದೆ. ಶೇ 10 ಜನ ಬಳಸುವ ಪದಕ್ಕೆ ಅದು ಸುಮಾರು 1,340, ಲೋಕಲ್‌ನದ್ದು 1,000ದ ಆಸುಪಾಸು, ಅಂದರೆ ಇಲ್ಲಿ ಲೋಕಲ್ಲೇ ವಾಸಿ. ಅದೇ 100 ಜನರ ಪದಕ್ಕೆ ಸರ್ವರ್ ಕಡೆಯ ತಪ್ಪು ಬರೀ 50ರಷ್ಟು. ಹಾಗಾಗಿ ತೂಕವನ್ನು ಪದಪದಕ್ಕೂ ಬೇರೆಯಾಗಿ, ವೇರಿಯನ್ಸ್ (ಅಂದಾಜು ಎಷ್ಟು ಏರುಪೇರಾಗಬಹುದು ಅನ್ನೋ ಅಳತೆ) ನೋಡಿಯೇ ಕೊಡಬೇಕು.

ನನಗೆ ಇದಕ್ಕಿಂತ ಜಾಸ್ತಿ ಚಿಂತೆ ಇರೋದು ಬೇರೆ ಕಡೆ. ತಾವಾಗಿ ಒಪ್ಪಿದವರು ಎಲ್ಲರ ಹಾಗೆ ಇರಲ್ಲ, ವೇರಿಯನ್ಸ್ ಸೂತ್ರಕ್ಕೆ ಅದು ಕಾಣೋದೂ ಇಲ್ಲ. ಜಾಸ್ತಿ ಬಳಕೆಯ ಪದಗಳಲ್ಲಿ ಎರಡೂ ಗುಂಪಿನ ಅಂದಾಜು ಹೋಲಿಸಿ. ವ್ಯತ್ಯಾಸ ನಾಯ್ಸ್‌ಗಿಂತ ದೊಡ್ಡದಾಗಿದ್ದರೆ ಅಲ್ಲಿ ಲೋಕಲ್ ಎಣಿಕೆಯನ್ನೇ ನಂಬಿ.

ಪ್ರಶ್ನೆ: ಒಬ್ಬರೇ ಎರಡೂ ಗುಂಪಲ್ಲಿ ಇದ್ರೆ?

ಉತ್ತರ: ಬೇಡ. ಅವರ ಎಪ್ಸಿಲಾನ್‌ಗಳು ಕೂಡುತ್ತವೆ. ಒಂದು ಎಣಿಕೆಯ ಅವಧಿ ಮುಗಿಯುವ ತನಕ ಗುಂಪು ಬದಲಿಸಲು ಬಿಡಬೇಡಿ. ಮತ್ತೆ ಆ ಶೇ 5 ಜನರಿಗೆ ನೇರವಾಗಿ ಹೇಳಿ, ಅವರ ಮೂಲ ಡೇಟಾ ಸರ್ವರ್‌ಗೆ ಬರುತ್ತದೆ, ಸರ್ವರ್ ಹ್ಯಾಕ್ ಆದರೆ ಡಿಫರೆನ್ಷಿಯಲ್ ಪ್ರೈವಸಿ ಅದನ್ನು ಕಾಯಲ್ಲ ಅಂತ.