ಗೋವಾ 70.3 ಟ್ರಯಾತ್ಲಾನ್‌ಗೆ ರೋಡ್ ಬೈಕ್ ಸಾಕಾ, ಟ್ರೈ ಬೈಕೇ ಬೇಕಾ?

ಪ್ರಶ್ನೆ:
ಎಲ್ರಿಗೂ ನಮಸ್ಕಾರ. ಎರಡು ವರ್ಷದಿಂದ ಅಲ್ಯೂಮಿನಿಯಂ ರೋಡ್ ಬೈಕ್ (ರಸ್ತೇಲಿ ಜೋರಾಗಿ ಓಡೋ ಸೈಕಲ್) ಓಡಿಸ್ತಿದೀನಿ, ಭಾನುವಾರ ಬೆಳಗ್ಗೆ ನಂದಿ ಬೆಟ್ಟ ಹತ್ತೋದು ತಪ್ಪಿಸಲ್ಲ. ಈಗ ಗೋವಾ 70.3, ಅಂದ್ರೆ ಒಟ್ಟು 70.3 ಮೈಲಿ ಟ್ರಯಾತ್ಲಾನ್ ಮಾಡ್ಬೇಕು ಅಂತಿದೀನಿ, 1.9 ಕಿ.ಮೀ. ಈಜು, 90 ಸೈಕ್ಲಿಂಗು, ಆಮೇಲೆ 21.1 ಓಟ. ಸೆಕೆಂಡ್ ಹ್ಯಾಂಡ್ ಟ್ರೈ ಬೈಕ್ (ಟ್ರಯಾತ್ಲಾನ್‌ಗೇ ಅಂತ ಮಾಡಿರೋ ಸೈಕಲ್) ಒಂದು ಸಿಗ್ತಿದೆ, ತಗೊಳ್ಲಾ?

ಉತ್ತರ 1:
ಈಗ್ಲೇ ಬೇಡ ಗುರು. ಇರೋ ಬೈಕಿಗೇ ಕ್ಲಿಪ್-ಆನ್ ಏರೋ ಬಾರ್ (ಹ್ಯಾಂಡಲ್‌ಗೆ ಸಿಕ್ಕಿಸೋ, ಮುಂದಕ್ಕೆ ಚಾಚಿರೋ ಹಿಡಿ) ಹಾಕ್ಸು. ನಾನೂ ಮೊದ್ಲು ಹಾಗೇ ಮಾಡಿದ್ದು, ಪ್ಯಾಡ್ ಮೇಲೆ ಮೊಣಕೈ ಊರಿ ಬಗ್ಗಿದ್ರೆ ಎದುರುಗಾಳೀಲಿ ವ್ಯತ್ಯಾಸ ತಕ್ಷಣ ಗೊತ್ತಾಗುತ್ತೆ. ಆದ್ರೆ ಸೀಟು ಹಾಗೇ ಬಿಟ್ರೆ ತೊಡೆ ಬಂದು ಹೊಟ್ಟೆಗೆ ಒತ್ತುತ್ತೆ, ಉಸಿರಾಡೋಕೇ ಕಷ್ಟ, ಸ್ವಲ್ಪ ಮುಂದಕ್ಕೆ ತಳ್ಳಿಸ್ಕೋ.

ಉತ್ತರ 2:
ಅದೇ ಕಾರಣಕ್ಕೇ ಟ್ರೈ ಬೈಕಲ್ಲಿ ಸೀಟ್ ಟ್ಯೂಬ್ (ಸೀಟಿನ ಕೆಳಗಿನ ಕೊಳವೆ) 76-78 ಡಿಗ್ರಿ ನೆಟ್ಟಗಿರುತ್ತೆ, ರೋಡ್ ಬೈಕಲ್ಲಾದ್ರೆ 73ರ ಆಸುಪಾಸು. ಈ ರೇಸಲ್ಲಿ ನಮ್ಮಂಥೋರು ಮುಂದಿನ ಸೈಕಲ್‌ಗೆ 12 ಮೀಟರ್ ದೂರ ಬಿಡ್ಬೇಕು, ಯಾರ ಬೆನ್ನ ಹಿಂದೂ ಅಡಗೋ ಹಾಗಿಲ್ಲ, ಗಾಳಿ ಪೂರ್ತಿ ನಮ್ಮೆದೆಗೇ, ಅಲ್ಲಿ ಟ್ರೈ ಬೈಕ್ ನಿಜವಾಗ್ಲೂ ಉಪಯೋಗ. ಆದ್ರೆ ಏರೋ ಬಾರ್ ಹಿಡ್ಕೊಂಡಾಗ ಬ್ರೇಕ್ ಕೈಗೆ ಸಿಗಲ್ಲ, ನಂದಿ ಇಳಿಯೋ ತಿರುವಲ್ಲಿ ಅದನ್ನ ಹಿಡೀಲೇಬೇಡಿ. ಗುಂಪಲ್ಲಿ ಹೋಗೋವಾಗ್ಲೂ ಅಷ್ಟೇ. ಮಾಮೂಲಿ ರೋಡ್ ರೇಸಿಗಂತೂ ಟ್ರೈ ಬೈಕ್ ಬಿಡೋದೇ ಇಲ್ಲ. ಇರೋದು ಒಂದೇ ಬೈಕು ಅಂದ್ರೆ ರೋಡ್ ಬೈಕೇ ಇರ್ಲಿ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್ ಇಬ್ರಿಗೂ. ಏರೋ ಬಾರ್ ಹಾಕ್ಸಿ, ಉಳಿದ ದುಡ್ಡಲ್ಲಿ ಬೈಕ್ ಫಿಟ್ (ಸೈಕಲ್‌ನ ನನ್ನ ಮೈಗೆ ಹೊಂದಿಸೋದು) ಮಾಡಿಸ್ತೀನಿ.